ಅಳಿಸದೆ ಬಿಟ್ಟ ಏಳು

ಅಕ್ಕೋರ ಬಲ ಅಂಗೈಯ ಅಂಚು ಯಾವಾಗಲೂ ಸುಣ್ಣ ಮೆತ್ತಿದಂತೆ ಬೆಳ್ಳಗಿರುತ್ತಿತ್ತು. ಮೇಜಿನ ಮೇಲೆ ಡಸ್ಟರ್ ಇದ್ದರೂ ಕರಿಹಲಗೆಯನ್ನು ಅವರು ಕೈಯಿಂದಲೇ ಒರೆಸುತ್ತಿದ್ದರು. ಸಿದ್ದಾಪುರದ ಆ ಹೈಸ್ಕೂಲಿನಲ್ಲಿ ಗಣಿತಕ್ಕೆ ನಾವಿಬ್ಬರು: ನಾನು ಮಾಸ್ತರು, ಅವರು ನಮ್ಮ ಕಡೆ ಟೀಚರಮ್ಮನನ್ನು ಕರೆಯುವಂತೆ ಅಕ್ಕೋರು. ನನ್ನ ಮಗಳ ಕ್ಲಾಸಿನ ಗಣಿತ ಅವರ ಪಾಲಿಗೆ ಹೋಯಿತು, ವಿಜ್ಞಾನ ನನಗೆ ಬಂತು. ಅವರ ನಂತರದ ಪಿರಿಯಡ್ಡೇ ನನ್ನದು. ನಾನು ಗಂಟೆಗೆ ಮೊದಲೇ ಬಾಗಿಲಲ್ಲಿರುತ್ತಿದ್ದೆ. ಅವರು ಗಂಟೆ ಹೊಡೆದರೂ ಹೊರಡುತ್ತಿರಲಿಲ್ಲ.

ಅವರ ಬಳಿ ಒಂದು ಸಂಖ್ಯೆ ಇತ್ತು: 73939133. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಅವಿಭಾಜ್ಯ ಸಂಖ್ಯೆ. ಬಲತುದಿಯ ಮೂರನ್ನು ಒರೆಸಿದರೆ ಉಳಿದದ್ದೂ ಅವಿಭಾಜ್ಯ. ಮತ್ತೊಂದು ಅಂಕಿ ಒರೆಸಿದರೂ ಹಾಗೆಯೇ.

"ಒಡೀತಾ?" ಎಂದು ಅಕ್ಕೋರು ಕೇಳುವರು.

"ಇಲ್ಲಾ!" ಎಂದು ಕ್ಲಾಸಿಗೆ ಕ್ಲಾಸೇ ಕೂಗುವುದು. ಎಲ್ಲಕ್ಕಿಂತ ಮೇಲೆ ನನ್ನ ಮಗಳ ದನಿ. ಮನೆಯಲ್ಲಿ ನಾನು ಲೆಕ್ಕಕ್ಕೆ ಕರೆದರೆ ಅವಳಿಗೆ ತಲೆನೋವು ಬರುತ್ತಿತ್ತು.

ಕೊನೆಗೆ ಏಳೊಂದೇ ಉಳಿಯುವುದು. ಅದನ್ನು ಹಾಗೇ ಬಿಟ್ಟು ಅಕ್ಕೋರು ಹೊರಡುವರು. ಪಾಠ ಮುಗಿಸಿದವರೇ ಹಲಗೆ ಒರೆಸಬೇಕೆಂಬುದು ನಮ್ಮ ಶಾಲೆಯ ನಿಯಮ. ನೆನಪಿಸಿದರೆ, "ಅದು ನಿಮ್ಮ ಪಾಲಿಂದು, ಮಾಸ್ತರೇ" ಎಂದು ನಗುವರು. ನಾನು ಡಸ್ಟರ್ ಎತ್ತಿ ಒತ್ತಿ ಒರೆಸುತ್ತಿದ್ದೆ.

ಒಂದು ಬೇಸಿಗೆ ರಜೆಯಲ್ಲಿ, ಆ ಸಂಖ್ಯೆಯ ಬಲಕ್ಕೆ ಇನ್ನೊಂದು ಅಂಕಿ ಸೇರಿಸಿ ಅದಕ್ಕಿಂತ ದೊಡ್ಡದನ್ನು ನಾನೇ ಕ್ಲಾಸಿಗೆ ಒಯ್ಯಬೇಕೆಂದು ಕುಳಿತೆ. ಸಮ ಅಂಕಿಗಳು, ಐದು ಮೊದಲೇ ಹೋದವು. ಒಂದು, ಏಳು ಸೇರಿಸಿದರೆ ಮೂರರಿಂದ ಭಾಗವಾಗುತ್ತಿದ್ದವು. ಉಳಿದ ಮೂರು ಮತ್ತು ಒಂಬತ್ತನ್ನು ಹಿಡಿದು ದಿನವೂ ಭಾಗಿಸಿದೆ. ಶಾಲೆ ಶುರುವಾದರೂ ಮುಗಿದಿರಲಿಲ್ಲ. ಮಗಳು ಹೋಗಿ ಅಕ್ಕೋರಿಗೆ ಹೇಳಿಬಿಟ್ಟಿದ್ದಳು.

"ಎಂತ ಮಾಸ್ತರೇ, ಸಿಕ್ಕಿದ್ದಿಲ್ಯಾ?" ಎಂದು ಅಕ್ಕೋರು ಸ್ಟಾಫ್ ರೂಮಿನಲ್ಲೇ ಕೇಳಿದರು. "ಅದರ ಮುಂದೆ ಇಲ್ಲೆ. ಆನೂ ಹುಡುಕಿದ್ದೆ."

ತಾವೂ ಹುಡುಕಿದ್ದಾಗಿ ಅವರು ಹೇಳಿದರೂ ಎಲ್ಲರೂ ನಕ್ಕದ್ದು ನನ್ನನ್ನು ನೋಡಿ. ನಾನು ಹಾಜರಿ ಪುಸ್ತಕ ತೆಗೆದುಕೊಂಡು ಎದ್ದೆ.

ನಿವೃತ್ತಿಯಾಗಿ ಕೆಲವು ವರ್ಷಗಳಿಗೆ ಅಕ್ಕೋರಿಗೆ ಮರೆವಿನ ಕಾಯಿಲೆ ಬಂತು. ಮಗಳೊಂದಿಗೆ ಶಿರಸಿಯ ಅವರ ಮನೆಗೆ ಹೋದಾಗ ನನ್ನ ಗುರುತು ಹತ್ತಲಿಲ್ಲ. ಮಗಳ ಕೈ ಹಿಡಿದು, "ನೀನು ಯಾರ ಮನೆ ಕೂಸೇ?" ಎಂದರು.

"ನಿಮ್ಮ ಕ್ಲಾಸಿನ ಕೂಸು, ಅಕ್ಕೋರೇ" ಎಂದಳು ಮಗಳು. ಅಪ್ಪನ ಹೆಸರು ಹೇಳಲಿಲ್ಲ. ಪಕ್ಕದ ಕುರ್ಚಿಯಲ್ಲೇ ನಾನು ಕುಳಿತಿದ್ದೆ.

ಆ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು.

ಮಗಳು ಈಗ ಯಲ್ಲಾಪುರದಲ್ಲಿ ಗಣಿತ ಕಲಿಸುತ್ತಾಳೆ. ಮೊನ್ನೆ ಅವಳನ್ನು ಕರೆದುಕೊಂಡು ಬರಲು ಹೋದೆ, ಎಂದಿನಂತೆ ಸಮಯಕ್ಕೆ ಮೊದಲೇ. ಒಳಗೆ ಮಕ್ಕಳ ಕೂಗು ಕೇಳಿತು. ಗಂಟೆ ಹೊಡೆಯಿತು, ಅವಳು ತಡವಾಗಿಯೇ ಹೊರಬಂದಳು, ಅಂಗೈಯ ಅಂಚು ಬೆಳ್ಳಗೆ. ಅವಳು ಬ್ಯಾಗು ತರಲು ಹೋದಾಗ ಖಾಲಿ ಕ್ಲಾಸಿನೊಳಗೆ ಇಣುಕಿದೆ. ಹಲಗೆಯ ಎಡತುದಿಯಲ್ಲಿ ಏಳು.

ಅಭ್ಯಾಸಬಲದಿಂದ ಒಳಗೆ ಹೋಗಿ ಡಸ್ಟರ್ ಎತ್ತಿಕೊಂಡೆ. ಆಮೇಲೆ ಒರೆಸದೆಯೇ ಅದನ್ನು ಮೇಜಿನ ಮೇಲೆ ನೇರವಾಗಿ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಬಂದೆ.