ಹಂಚಿನವರ ಟೀಮು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬಟ್ಟೆ, ಚಾಪೆ, ಅಪ್ಪನ ಕಿವಿಯ ಹಿಂಭಾಗ ಎಲ್ಲವೂ ಕೆಂಪಾಗಿರುತ್ತಿದ್ದವು. ಅಪ್ಪ ಹೊನ್ನಾವರದ ಹೊಳೆದಂಡೆಯ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದರು. ಆ ಮಣ್ಣಿನ ಧೂಳು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹಂಚು ಸುಡುವುದು ಬಲ್ಲವರು ಬೇಕೆಂದು ಮಲಬಾರಿನಿಂದ ಹಲವು ಕುಟುಂಬಗಳನ್ನು ಕರೆಸಿದ್ದರಂತೆ. ಅವುಗಳಲ್ಲಿ ನಮ್ಮದೂ ಒಂದು. ಮನೆಯೊಳಗೆ ಮಲಯಾಳ, ಹೊಸ್ತಿಲು ದಾಟಿದರೆ ಕನ್ನಡ, ಮೀನು ಕೊಳ್ಳುವಾಗ ಕೊಂಕಣಿ. ಹಾಗೆ ಬೆಳೆದವಳು ನಾನು.

ಮಲಬಾರಿನಿಂದ ಬರುವಾಗ ಆ ಕುಟುಂಬದವರು ಪಾತ್ರೆಪಗಡಗಳ ಜೊತೆ ಒಂದು ಫುಟ್‌ಬಾಲನ್ನೂ ತಂದಿದ್ದರು. ಸಂಜೆ ಕಾರ್ಖಾನೆಯ ಸೈರನ್ ಕೂಗಿದ್ದೇ ತಡ, ಅಪ್ಪ ಮತ್ತು ಗೆಳೆಯರು ಲುಂಗಿ ಎತ್ತಿ ಕಟ್ಟಿ ಕೊಯ್ಲಾದ ಗದ್ದೆಗೆ ಓಡುತ್ತಿದ್ದರು. ಎಲ್ಲರದೂ ಬರಿಗಾಲು. ಭತ್ತದ ಕೂಳೆ ಚುಚ್ಚಿ ಪಾದದಲ್ಲಿ ರಕ್ತ ಬಂದರೂ ನಿಲ್ಲುತ್ತಿರಲಿಲ್ಲ. ಚೆಂಡಿನ ತೊಗಲು ಬಿರಿಯದಿರಲೆಂದು ಅಕ್ಕ ಮತ್ತು ನಾನು ತೆಂಗಿನೆಣ್ಣೆ ಸವರಿ ಇಡುತ್ತಿದ್ದೆವು. ಅದರ ವಾಸನೆಗೆ ಇರುವೆಗಳು ಸಾಲುಗಟ್ಟುತ್ತಿದ್ದವು.

ಚೆನ್ನಾಗಿ ಆಡುವವರು ನಮ್ಮಲ್ಲಿ ಹತ್ತೇ ಜನ. ಹನ್ನೊಂದನೆಯವನು ಹೊಳೆ ನಡುವಿನ ಮಾವಿನಕುರ್ವೆಯ ದೋಣಿಯಣ್ಣ, ಈ ಕಡೆಯವನೇ. ಅವನು ಕಾರ್ಖಾನೆಗೆ ದೋಣಿಯಲ್ಲಿ ಜೇಡಿಮಣ್ಣು ತಂದು ಹಾಕುತ್ತಿದ್ದ. ಒಮ್ಮೆ ಆಟ ನೋಡುತ್ತ ನಿಂತಾಗ ತನ್ನತ್ತ ಬಂದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದ. ಅಂದೇ ಅಪ್ಪ ಅವನನ್ನು ಗೋಲು ಕಾಯಲು ನಿಲ್ಲಿಸಿದರು.

ಆ ವರ್ಷ ಕುಮಟೆಯಲ್ಲಿ ಫುಟ್‌ಬಾಲ್ ಪಂದ್ಯಗಳಿವೆ ಎಂದು ಸುದ್ದಿ ಬಂತು. ನಾವೆಲ್ಲ ಹಂಚು ಸಾಗಿಸುವ ಲಾರಿಯಲ್ಲಿ ಹೊರಟೆವು. ಹಂಚಿನ ನಡುವೆ ಇಡುವ ಹುಲ್ಲಿನ ಮೇಲೆ ಕುಳಿತು, ಮೈಯೆಲ್ಲ ತುರಿಸಿಕೊಳ್ಳುತ್ತ, ಹಾಡುತ್ತ ಹೋದೆವು. ಅಕ್ಕನಿಗೆ ಹದಿಮೂರು ವರ್ಷ, ನನಗೆ ಎಂಟು.

ಶಾಲೆಯ ಮೈದಾನದ ಮೂಲೆಯಲ್ಲಿ ಮೇಜು ಹಾಕಿಕೊಂಡು ಒಬ್ಬ ಮಾಸ್ತರು ತಂಡಗಳ ಹೆಸರು ಬರೆಯುತ್ತಿದ್ದರು. ನಮ್ಮ ಸರದಿ ಬಂದಾಗ ಅಲ್ಲಿಯ ತಂಡದ ಕ್ಯಾಪ್ಟನ್ ಅಡ್ಡ ಬಂದ. ಎತ್ತರದ ಆಳು, ಬಿಳಿ ಬನಿಯನ್.

"ಮಾಸ್ತರೇ, ಇವ್ರ ಹೆಸ್ರು ಎಂತಕ್ಕೆ ಬರೀತ್ರಿ? ಇವ್ರು ನಮ್ಮ ಕಡೆಯವ್ರಲ್ಲ. ಕೆಲ್ಸ ಮುಗಿದ್ರೆ ಗಂಟು ಕಟ್ಕಂಡು ಹೋಗುವವ್ರು. ಕಪ್ಪು ಗೆದ್ರೆ ಅದೂ ಮಲಬಾರಿಗೇ ಹೋಗ್ತದೆ."

ಸುತ್ತ ನಿಂತವರು ನಕ್ಕರು. ಅಪ್ಪ ಬಾಯಿ ತೆರೆದರು. ಸಿಟ್ಟು ಬಂದಾಗ ಅವರಿಗೆ ಕನ್ನಡ ಸಿಗುತ್ತಿರಲಿಲ್ಲ. ಅವರ ಕತ್ತಿನ ನರ ಉಬ್ಬಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಗ ಅಕ್ಕ ನನ್ನ ಕೈ ಹಿಡಿದುಕೊಂಡೇ ಮೇಜಿನ ಮುಂದೆ ಹೋದಳು. ಅವಳ ಉಗುರು ನನ್ನ ಅಂಗೈಗೆ ಒತ್ತುತ್ತಿತ್ತು.

"ಮಾಸ್ತರೇ, ನಾನೂ ನನ್ನ ತಂಗಿನೂ ಹುಟ್ಟಿದ್ದು ಹೊನ್ನಾವರದಲ್ಲೇ. ಈ ಶಾಲೆ ಮಾಡಿನ ಹಂಚು ಸುಟ್ಟದ್ದು ನಮ್ಮಪ್ಪ. ಹಂಚು ಊರಿಂದು, ಸುಟ್ಟವ್ರು ಮಾತ್ರ ಊರಿನವ್ರಲ್ವಾ?"

ಮಾಸ್ತರು ತಲೆಯೆತ್ತಿ ಶಾಲೆಯ ಮಾಡನ್ನು ನೋಡಿದರು. ಹಿಂದಿನಿಂದ ದೋಣಿಯಣ್ಣ ಗುಡುಗಿದ. "ನಾ ಮಾವಿನಕುರ್ವೆಯವ. ನಾನೂ ಇವ್ರ ಟೀಮೇ. ಬರ್ಕಳಿ ಮಾಸ್ತರೇ!"

"ಆತು, ಆತು. ಟೀಮಿನ ಹೆಸ್ರು ಎಂತ?" ಎಂದರು ಮಾಸ್ತರು.

ಹೆಸರನ್ನು ನಾವು ಯೋಚಿಸಿಯೇ ಇರಲಿಲ್ಲ. ಗುಂಪಿನಿಂದ ಯಾರೋ "ಹಂಚಿನವ್ರು!" ಎಂದು ಲೇವಡಿ ಮಾಡಿದರು. ಅಪ್ಪನಿಗೆ ಆಗ ಮಾತು ಬಂತು. "ಅದನ್ನೇ ಬರೀರಿ" ಎಂದರು.

ಕಪ್ಪಿಗಾಗಿ ನಡೆದ ನಮ್ಮ ಕೊನೆಯ ಆಟ ಬಿದ್ದದ್ದು ಅದೇ ಕ್ಯಾಪ್ಟನ್ನನ ತಂಡದ ಮೇಲೆ. ಮೊದಲರ್ಧದಲ್ಲೇ ಅವರು ಒಂದು ಗೋಲು ಹೊಡೆದರು. ಮೈದಾನವಿಡೀ ಅವರ ಕಡೆ. ನಮ್ಮ ಪರವಾಗಿ ಕೂಗಲು ಲಾರಿಯಲ್ಲಿ ಬಂದ ಹೆಂಗಸರು, ಮಕ್ಕಳು ಮಾತ್ರ. ಎರಡನೆಯ ಅರ್ಧದಲ್ಲಿ ನಮ್ಮವರು ಚೆಂಡನ್ನು ನೆಲ ಬಿಡದಂತೆ ಕಾಲಿನಿಂದ ಕಾಲಿಗೆ ದಾಟಿಸತೊಡಗಿದರು. ಒಂದು ಗೋಲು ಬಂತು. ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಅಪ್ಪ ಎಡಗಾಲಿನಿಂದ ಹೊಡೆದ ಚೆಂಡು ಬಿದಿರಿನ ಕಂಬಕ್ಕೆ ಬಡಿದು ಒಳಗೆ ಹೋಯಿತು. ನಾವು ಹಾರಿ ಕುಣಿಯುವಷ್ಟರಲ್ಲೇ ಆ ಕ್ಯಾಪ್ಟನ್ ಒಬ್ಬನೇ ನುಗ್ಗಿಬಂದು ಗೋಲಿನ ಹತ್ತಿರದಿಂದಲೇ ಬೀಸಿ ಹೊಡೆದ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ದೋಣಿಯಣ್ಣ ಮಣ್ಣಿನಲ್ಲಿ ಮಗುಚಿ ಬಿದ್ದಿದ್ದ. ಚೆಂಡು ಅವನ ಹೊಟ್ಟೆಯಡಿಯಲ್ಲಿತ್ತು.

ಆಟ ಮುಗಿದ ಸೀಟಿ ಕೇಳಿತು. ಅಪ್ಪ ಅಕ್ಕನನ್ನು ಹೆಗಲಿಗೇರಿಸಿಕೊಂಡು ಮೈದಾನ ಸುತ್ತಿದರು. ಅಷ್ಟು ದೊಡ್ಡ ಹುಡುಗಿ ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದಳು. ಲಾರಿ ಹೊರಡುವಾಗ ಆ ಕ್ಯಾಪ್ಟನ್ ಓಡಿಬಂದು ಅಪ್ಪನ ಕೈ ಕುಲುಕಿದ. "ಬಪ್ಪ ವರ್ಷ ಬಿಡೂದಿಲ್ಲ" ಎಂದ. ಅಪ್ಪ ನಕ್ಕು, "ಬಪ್ಪ ವರ್ಷವೂ ಇಲ್ಲೇ ಇರ್ತೇವೆ" ಎಂದರು.

ಇದ್ದೆವು. ಮರುವರ್ಷ ಸೋತೆವು. ಆಮೇಲೆ ಅದೇ ಕಪ್ಪನ್ನು ಮತ್ತೆ ಮೂರು ಸಲ ಗೆದ್ದೆವು. ಕಾರ್ಖಾನೆ ಮುಚ್ಚಿದಾಗ ಕೆಲವರು ಮಲಬಾರಿಗೆ ಮರಳಿದರು. ಅಪ್ಪ ಹೋಗಲಿಲ್ಲ, ಟೀಮೂ ಹೋಗಲಿಲ್ಲ. ಖಾಲಿಯಾದ ಜಾಗಗಳಿಗೆ ಬಲೆ ಎಳೆಯುವ ಹುಡುಗರು ಬಂದರು, ಶಿರಾಲಿಯ ಅಂಗಡಿಯವರ ಮಗ ಬಂದ, ಭಟ್ಕಳದಿಂದ ನವಾಯತಿ ಮಾತಾಡುವ ಅಣ್ಣತಮ್ಮಂದಿರು ಬಂದರು. ಅವರೆಲ್ಲರೂ ಗೋಲಿನ ಮುಂದೆ "ಅಡಿಕ್ಕ್! ಅಡಿಕ್ಕ್!" ಎಂದೇ ಕೂಗುತ್ತಿದ್ದರು. ಹೊಡಿ ಎನ್ನುವುದಕ್ಕೆ ಅದು ನಮ್ಮ ಮನೆಯೊಳಗಿನ ಮಾತು.

ಮಕ್ಕಳೇ, ಈಗ ನಿಮಗೆ ಮುಳ್ಳಿನ ಬೂಟುಗಳಿವೆ, ಬೆನ್ನಿನ ಮೇಲೆ ನಂಬರು ಇದೆ. ನಿಮ್ಮ ಆಟವನ್ನು ಫೋನಿನಲ್ಲಿ ಹಿಡಿದು ದುಬೈಯಲ್ಲಿರುವ ಮಾವನಿಗೆ ತೋರಿಸುತ್ತೀರಿ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಚೆಂಡಿಗೆ ಎಣ್ಣೆ ಹಚ್ಚಬಹುದಿತ್ತು, ಒದೆಯುವ ಹಾಗಿರಲಿಲ್ಲ. ಈಗ ಹಂಚಿನವರ ಹುಡುಗಿಯರ ಟೀಮಿಗೆ ನನ್ನ ಮೊಮ್ಮಗಳೇ ಕ್ಯಾಪ್ಟನ್. ಅವಳ ಜೊತೆ ಮುಂದಿನ ಸಾಲಿನಲ್ಲಿ ಆಡುವ ಹುಡುಗಿಯ ಅಪ್ಪ ಅಮ್ಮ ಒಡಿಶಾದಿಂದ ಮೀನಿನ ಕೆಲಸಕ್ಕೆ ಬಂದವರು. ಮೊನ್ನೆ ಆ ಹುಡುಗಿಯ ಬಗ್ಗೆ ಮೊಮ್ಮಗಳನ್ನು ಕೇಳಿದೆ. ಅವಳ ಊರು ಯಾವುದೆಂದು ನನ್ನ ಮೊಮ್ಮಗಳಿಗೆ ಗೊತ್ತೇ ಇರಲಿಲ್ಲ. "ಅವ್ಳ ಎಡಗಾಲು ಭಾರೀ ಚಲೋ ಅದೆ ಅಜ್ಜೀ" ಎಂದಷ್ಟೇ ಹೇಳಿ ಆಡಲು ಓಡಿದಳು.