ಶುಕ್ರವಾರ ಬಂದ ಕರೆ

ಮಸ್ಕತ್‌ನ ಹಮ್ರಿಯಾ ಬಡಾವಣೆಯ ಜೊವಿಟಾ ಅಲ್ಲಿಯ ಸಲಹಾ ಕಂಪನಿಯೊಂದರಲ್ಲಿ ಕುಳಿತೇ, ಯುರೋಪ್ ಒಕ್ಕೂಟ ಸೇರಲು ಕಾದು ನಿಂತ ಪುಟ್ಟ ಬಾಲ್ಕನ್ ದೇಶವೊಂದರ ಖಜಾನೆಯನ್ನು ಸುಧಾರಿಸುತ್ತಿದ್ದಳು. ಖರ್ಚೆಲ್ಲ ಅಂತರರಾಷ್ಟ್ರೀಯ ನೆರವಿನದು. ಬೆಟ್ಟದೂರುಗಳ ಖಜಾನೆ ಕಚೇರಿಗಳನ್ನು ಮುಚ್ಚಿ, ಎಲ್ಲವನ್ನೂ ಆನ್‌ಲೈನ್ ಮಾಡಿ ಎಂದು ಅವಳ ವರದಿ. ಅಂಥದೇ ಕಚೇರಿಯ ದ್ರಿತಾ ಎಂಬಾಕೆ ಅವಳಿಗೆ ಆ ಕೆಲಸದ ಒಳಹೊರಗನ್ನೆಲ್ಲ ವಿಡಿಯೊದಲ್ಲಿ ತಿಳಿಸಿಕೊಟ್ಟಿದ್ದಳು.

ವರದಿ ಭಾನುವಾರ ಹೋಗುವುದಿತ್ತು. ಶುಕ್ರವಾರ ದ್ರಿತಾಳ ಕರೆ ಬಂತು.

“ಫೋನ್ ಇಡು ಮಾರಾಯ್ತಿ, ಚರ್ಚಲ್ಲಿ ಬಲಿಪೂಜೆಗೆ ತಡ ಆಗ್ತದೆ,” ಎಂದ ಗಂಡ ಅವಿಲ್. ಒಮಾನಿನಲ್ಲಿ ರಜೆಯ ಶುಕ್ರವಾರವೇ ಅವರ ಭಾನುವಾರ.

ಜೊವಿಟಾ ಮಾತಾಡದೆಯೇ ಕರೆ ಕತ್ತರಿಸಿದಳು. ಭಾನುವಾರ ಆಫೀಸಿಗೆ ಬಂದವಳು ದ್ರಿತಾಳ ಕಚೇರಿಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಅಂಥ ಅರ್ಜೆಂಟೇನೂ ಇರಲಿಕ್ಕಿಲ್ಲ ಎಂದುಕೊಂಡು ವರದಿ ಕಳಿಸಿಬಿಟ್ಟಳು. ದ್ರಿತಾಳ ದೇಶದಲ್ಲಿ ಭಾನುವಾರ ರಜೆ ಎಂಬುದು ಹುಟ್ಟಾ ಕ್ರೈಸ್ತಳಾದ ಅವಳಿಗೆ ಹೊಳೆಯಲೇ ಇಲ್ಲ!

ವರದಿಯಂತೆ ಬೆಟ್ಟದೂರಿನ ಕಚೇರಿ ಮುಚ್ಚಿದ ಮೇಲೆ ದ್ರಿತಾಳ ಸಂದೇಶ ಬಂತು: “ಹಿಮ ಬಿದ್ದರೆ ನಮ್ಮೂರಲ್ಲಿ ದಾರಿಯೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಅದನ್ನು ಹೇಳಲೆಂದೇ ಕರೆ ಮಾಡಿದ್ದೆ. ಶುಕ್ರವಾರ ನಿಮಗೆ ರಜೆ ಎಂಬುದು ಮರೆತೇಹೋಗಿತ್ತು, ಕ್ಷಮಿಸಿ.”

ಈಗ ಬಲಿಪೂಜೆಯಲ್ಲೂ ಜೊವಿಟಾ ಫೋನ್ ಆಫ್ ಮಾಡುವುದಿಲ್ಲ. ದ್ರಿತಾಳ ಊರಿನಿಂದ ಮಾತ್ರ ಯಾರೂ ಕರೆ ಮಾಡುವುದಿಲ್ಲ.