ಬರ್ನಿಸ್ ಹ್ರುಷ್ಕಾಳ ಗುಂಡಿ

ನಮ್ಮೂರಿನ ಬೇಸ್‌ಬಾಲ್ ತಂಡದ ಹೆಸರು ‘ಗುಂಡಿಗಳು’. ನಗಬೇಡಿ. ನಕ್ಕರೂ ಪರವಾಗಿಲ್ಲ, ನಾವೇ ನಗುತ್ತೇವೆ. ಆ ಹೆಸರಿಟ್ಟವಳು ನನ್ನ ಕ್ಷೌರದಂಗಡಿಯ ಎದುರಿಗೆ ಆಲೂಗಡ್ಡೆ ತುಂಬಿದ ಪಿರೋಗಿ ಎಂಬ ಕಡುಬು ಬೇಯಿಸಿ ಮಾರುವ ಬರ್ನಿಸ್ ಹ್ರುಷ್ಕಾ.

ಟೈರ್ ಕಾರ್ಖಾನೆ ಮುಚ್ಚಿದ ಮೇಲೆ ಒಹಾಯೊದ ನಮ್ಮ ಕಾಲುವೆ ಬೀದಿಯಲ್ಲಿ ಉಳಿದವರು ನಾವಿಬ್ಬರೇ. ನಾನು ಅವಳ ಪಿರೋಗಿ ತಿನ್ನುತ್ತಿದ್ದೆ, ಅವಳು ನನ್ನ ಹತ್ತಿರ ಕೂದಲು ಕತ್ತರಿಸಿಕೊಳ್ಳುತ್ತಿದ್ದಳು. ಇಡೀ ಬೀದಿಯ ವ್ಯಾಪಾರ ಅಷ್ಟೇ. ಸಾಲದ್ದಕ್ಕೆ ಅವಳಂಗಡಿಯ ಬಾಗಿಲಿಗೆ ಸರಿಯಾಗಿ ರಸ್ತೆಯಲ್ಲೊಂದು ಗುಂಡಿ. ದಾರಿ ತಪ್ಪಿ ಬಂದ ಗಿರಾಕಿಯ ಕಾರೂ ಅದರಲ್ಲಿ ಧಡಕ್ಕೆಂದು ಬಿದ್ದೆದ್ದು, ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹನ್ನೊಂದು ವರ್ಷ, ಪ್ರತಿ ಸೋಮವಾರ ಬರ್ನಿಸ್ ನಗರಸಭೆಗೆ ಫೋನ್ ಮಾಡಿದಳು.

“ನಾನು ಸತ್ರೆ ಅದ್ರಲ್ಲೇ ಹೂಳ್ರಪ್ಪ, ತೋಡೋ ಕೆಲಸಾನಾದ್ರೂ ಉಳಿಯುತ್ತೆ!” ಎಂದು ಒಮ್ಮೆ ಕಿರುಚಿದ್ದೂ ಉಂಟು.

ಅಷ್ಟರಲ್ಲಿ ಮೇಯರಮ್ಮನಿಗೆ ಹಳೇ ಕಾರ್ಖಾನೆಯ ಜಾಗದಲ್ಲಿ ಬೇಸ್‌ಬಾಲ್ ಮೈದಾನ ಕಟ್ಟಿಸಿ ಊರಿಗೆ ಜೀವ ತುಂಬುವ ಹುಚ್ಚು ಹಿಡಿಯಿತು. ದೊಡ್ಡ ತಂಡವೇನಲ್ಲ, ದೊಡ್ಡ ಲೀಗಿನ ಕನಸು ಕಾಣುವ ಹುಡುಗರ ಕಿರಿಯ ಲೀಗು. ಇಂಥ ತಂಡಕ್ಕೆ ಹುಲಿ ಸಿಂಹ ಎಂದು ಹೆಸರಿಟ್ಟರೆ ತಂಡದ ಹೆಸರಿನ ಒಂದು ಟೋಪಿಯೂ ಖರ್ಚಾಗುವುದಿಲ್ಲ. ಹೆಸರು ತಿಕ್ಕಲಾಗಿರಬೇಕು, ಊರವರೇ ಸೂಚಿಸಬೇಕು. ಅದಕ್ಕೆಂದು ನಗರಸಭೆ ಮನೆಮನೆಗೆ ಫಾರಂ ಹಂಚಿತು. ಬರ್ನಿಸ್ ಕನ್ನಡಕ ಹುಡುಕದೆ, ಅದನ್ನು ದೂರಿನ ಅರ್ಜಿ ಎಂದುಕೊಂಡು ದಪ್ಪ ಅಕ್ಷರದಲ್ಲಿ ಬರೆದಳು: ಗುಂಡಿಗಳು! ಗುಂಡಿಗಳು! ಗುಂಡಿಗಳು!

ಅದೇ ಗೆದ್ದಿತು.

ಮೇಯರಮ್ಮ ಜಾಣೆ. ಕಾರು ನಿಲ್ಲಿಸುವ ಜಾಗವನ್ನು ಬೇಕೆಂದೇ ನಾಲ್ಕು ಬೀದಿ ಆಚೆ ಇಟ್ಟು, ಮೈದಾನದ ಬಾಗಿಲನ್ನು ನಮ್ಮ ಬೀದಿಗೆ ತೆರೆಸಿದಳು. ಆಟಕ್ಕೆ ಬಂದವರು ನಮ್ಮ ಮುಂದೆಯೇ ನಡೆಯಬೇಕು, ನಡೆದವರಿಗೆ ಹಸಿವಾಗಲೇಬೇಕು. ಎರಡೇ ಬೇಸಿಗೆಯಲ್ಲಿ ಬಿಯರಂಗಡಿ ಬಂತು, ಪುಸ್ತಕದಂಗಡಿ ಬಂತು, ಕಾರ್ಖಾನೆಯ ಗೋದಾಮಿನಲ್ಲಿ ಮನೆಗಳಾಗಿ ಮಕ್ಕಳ ಗಲಾಟೆಯೂ ಕೇಳಿಸಿತು. ಆಟದ ದಿನ ಬೀದಿಗೆ ಕಾರು ಬಿಡುವುದಿಲ್ಲ. ಜನ ತಂಡದ ಟೋಪಿ ಹಾಕಿಕೊಂಡು, ಬರ್ನಿಸಳ ಗುಂಡಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಹೇಗೂ ಇಲ್ಲಿಯವರೆಗೆ ಬಂದಿದ್ದೇವಲ್ಲ ಎಂದು ಒಳಗೆ ಹೋಗಿ ಪಿರೋಗಿ ತಿನ್ನತೊಡಗಿದರು. ತಂಡ ಸೋಲುತ್ತಲೇ ಇತ್ತು, ಅದು ಬೇರೆ ಮಾತು.

ಹೋದ ಮೇ ತಿಂಗಳು ಒಂದು ಬೆಳಿಗ್ಗೆ ನಗರಸಭೆಯ ಎರಡು ಲಾರಿ ಡಾಂಬರು ಹೊತ್ತು ಬಂದು ನಿಂತವು. ಬರ್ನಿಸ್ ಕುರ್ಚಿ ತಂದವಳೇ ಗುಂಡಿಯೊಳಗೆ ಹಾಕಿಕೊಂಡು ಕುಳಿತುಬಿಟ್ಟಳು, ಕೈಯಲ್ಲಿ ಸೌಟು.

“ಹನ್ನೊಂದು ವರ್ಷ ಬನ್ನಿ ಬನ್ನಿ ಅಂತ ಬಾಯಿ ಬಡ್ಕೊಂಡೆ, ಬರ್ಲಿಲ್ಲ. ಈಗ ನಾಲ್ಕು ಜನ ಬಂದು ತಿಂತಿದಾರೆ, ಅದು ನಿಮ್ ಕಣ್ಣಿಗೆ ಬಿತ್ತಾ? ಇದನ್ನ ಮುಚ್ಚಿದ್ರೆ ನನ್ನಂಗಡೀನೂ ಮುಚ್ಚಿದ ಹಾಗೇ. ಏಳಲ್ಲ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!”

ನಾನು ಕತ್ತರಿ ಹಿಡಿದೇ ಓಡಿದೆ. ಅರ್ಧ ಕ್ಷೌರವಾಗಿದ್ದ ನನ್ನ ಗಿರಾಕಿಯೂ ಓಡಿ ಬಂದ.

ಕೆಲಸದವರ ಮೇಸ್ತ್ರಿ ಡ್ವೇನ್ ತಲೆ ಕೆರೆದುಕೊಂಡ. “ಮುಚ್ಚಕ್ ಬಂದಿಲ್ಲ ಮೇಡಂ. ಜನ ತುಳಿದೂ ತುಳಿದೂ ಅಂಚು ಕುಸೀತಿದೆ. ಗುಂಡಿ ರಿಪೇರಿ ಮಾಡಿ ಅಂತ ಆರ್ಡರ್ ಆಗಿದೆ. ಆಳ ಒಂದಿಂಚೂ ಕಡಿಮೆ ಆಗ್ಬಾರ್ದಂತೆ.”

ಬರ್ನಿಸಳ ಭುಜ ಕುಣಿಯತೊಡಗಿದಾಗ ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೇ ಗೊತ್ತಾಗಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು ಎದ್ದು, ಕುರ್ಚಿ ಪಕ್ಕಕ್ಕಿಟ್ಟು, ಸೌಟಿನಿಂದ ತೋರಿಸಿದಳು.

“ಸರಿಯಾಗಿ ಮಾಡ್ರಪ್ಪ ಮತ್ತೆ. ಆ ಎಡಗಡೆ ಅಂಚು ಮೊದಲಿಂದ್ಲೂ ಸ್ವಲ್ಪ ಓರೆ. ಅದನ್ನ ಮಾತ್ರ ನೆಟ್ಟಗೆ ಮಾಡ್ಬೇಡಿ.”